ವೇಗ ಬರೆದಿರಿ, ದಿಕ್ಕು ಮರೆತಿರಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಸೌರ ಬಿರುಗಾಳಿಯ ಸುದ್ದಿ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಸುದ್ದಿ ಬಂದ ದಿನ ಬೆಳಗ್ಗೆ ಏಳಕ್ಕೇ ಹಾಸನದಿಂದ ನಮ್ಮಕ್ಕ ಫೋನ್ ಮಾಡಿದಳು. "ಲೋ, ನಾಳೆ ಮೊಬೈಲೆಲ್ಲ ಸತ್ತೋಗ್ತವಂತಲ್ಲೋ, ಪೇಪರ್‌ನಲ್ಲಿ ಹಾಕವ್ರೆ. ಅದಕ್ಕೆ ಇವತ್ತೇ ಮಾತಾಡ್ಬಿಡೋಣ ಅಂತ ಮಾಡ್ದೆ" ಅಂದಳು. ಮುಕ್ಕಾಲು ಗಂಟೆ ಮಾತಾಡಿದಳು. ಮಾರನೇ ದಿನ ಏನೂ ಆಗಲಿಲ್ಲ. ಅದನ್ನು ಹೇಳಲಿಕ್ಕೆ ಅದೇ ಮೊಬೈಲಿನಿಂದ ಮತ್ತೆ ಫೋನ್. "ಪೇಪರ್‌ನೋರು ಸುಮ್ನೆ ಬರೀತಾರೆ ಬಿಡು."

ಸುಮ್ನೆ ಬರೆದದ್ದಲ್ಲ ಅಂತ ನಾನು ನಿಮ್ಮ ಪರ ವಾದ ಮಾಡಿದೆ. ಸೂರ್ಯನಿಂದ ಬಿಸಿ ಅನಿಲದ ಒಂದು ದೊಡ್ಡ ಮೋಡ ಹೊರಟದ್ದು ನಿಜ, ಅದು ಭೂಮಿಯ ಕಡೆಗೇ ಬಂದದ್ದು ನಿಜ, ನೀವು ಹಾಕಿದ್ದ ವೇಗವೂ ಸರಿ. ಬಿಟ್ಟುಹೋದದ್ದು ಒಂದೇ. ಆ ಮೋಡ ತನ್ನ ಜೊತೆ ಹೊತ್ತು ತಂದ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿತ್ತು, ಉತ್ತರಕ್ಕೋ ದಕ್ಷಿಣಕ್ಕೋ? ಆವತ್ತು ಅದು ಜಾಸ್ತಿ ಹೊತ್ತು ಉತ್ತರಕ್ಕಿತ್ತು. ಅದಕ್ಕೇ ನಮ್ಮಕ್ಕನ ಫೋನು ಬದುಕಿತು ಅಂತ ಹೇಳುವುದಿಲ್ಲ, ದಕ್ಷಿಣಕ್ಕಿದ್ದರೂ ಮೊಬೈಲು ಸಾಯುತ್ತಿರಲಿಲ್ಲ. ಆದರೆ ಬಿರುಗಾಳಿ ಬಿರುಗಾಳಿಯಾಗುವುದು, ಇಲ್ಲಾ ಹೀಗೆ ಬಂದು ಹಾಗೆ ಹೋಗುವುದು ಬಹುಮಟ್ಟಿಗೆ ಆ ಒಂದು ದಿಕ್ಕಿನ ಮೇಲೆ ನಿಂತಿದೆ.

ನಾನು ವಿಜ್ಞಾನಿ ಅಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಆದರೆ ಮೂವತ್ತು ವರ್ಷದಿಂದ ಹ್ಯಾಮ್ ರೇಡಿಯೋ ಹುಚ್ಚು, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದೂರದವರ ಜೊತೆ ಮಾತಾಡುವುದು. ಬಸವನಗುಡಿಯ ನಮ್ಮ ಮನೆ ತಾರಸಿ ಮೇಲೆ ಒಂದು ಯಾಗಿ ಆಂಟೆನಾ ಇದೆ, ಅದರ ಮೇಲೆ ಕಾಗೆ ಕೂತು ಒಗೆದ ಬಟ್ಟೆ ಹಾಳು ಮಾಡುತ್ತವೆ ಅಂತ ಮನೆಯಲ್ಲಿ ದಿನಾ ದೂರು. ಅಮೆರಿಕದ ಟೆಕ್ಸಸ್ ಕಡೆಯವರ ಜೊತೆ ಮಾತಾಡಬೇಕಾದರೆ ಆ ಆಂಟೆನಾವನ್ನು ಯಾವ ಕಡೆ ತಿರುಗಿಸಬೇಕು ಹೇಳಿ? ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಹೆಚ್ಚುಕಮ್ಮಿ ನೇರ ಉತ್ತರಕ್ಕೆ. ಗ್ಲೋಬಿನ ಮೇಲೆ ಬೆಂಗಳೂರಿನಿಂದ ಅಲ್ಲಿಗೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ, ದಾರ ಉತ್ತರ ಧ್ರುವದ ಮೇಲೇ ಹಾಯುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತಲ್ಲ, ಬರೀ ಮಹಿಳಾ ಪೈಲಟ್‌ಗಳೇ ಹಾರಿಸಿಕೊಂಡು ಬಂದದ್ದು, ಅದೂ ಧ್ರುವದ ಮೇಲೇ ಬಂತು. ನನ್ನ ಮಾತೂ ಆ ಕಡೆಯಿಂದಲೇ ಹೋಗಬೇಕು. ಕೆಲವು ದಿನ ಸಲೀಸಾಗಿ ಹೋಗುತ್ತದೆ. ಕೆಲವು ದಿನ ಅಲ್ಲಿಯವರ ದನಿ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅಂತ ನಡುಗುತ್ತದೆ. ಇನ್ನು ಕೆಲವು ದಿನ ಬರೀ ಸೊರ್ ಅನ್ನುವ ಸದ್ದು. ಯಾಕೆ ಹೀಗೆ ಅಂತ ಹುಡುಕುತ್ತಾ ಹೋಗಿ ನಾನು ಈ 'ಕಸ್ಪ್' ಅನ್ನುವುದರ ಹತ್ತಿರ ಬಂದೆ.

ನಿಮ್ಮ ಸುದ್ದಿಯ ಜೊತೆ ಒಂದು ಚಿತ್ರ ಇತ್ತು. ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಭೂಮಿ, ಸುತ್ತಲೂ ನೀಲಿ ಬಣ್ಣದ ಗುರಾಣಿ. ಗಾಜಿನ ಬಟ್ಟಲು ಬೋರಲು ಹಾಕಿದ ಹಾಗೆ, ಎಲ್ಲೂ ಒಂದು ಸಂದು ಕೂಡ ಇಲ್ಲ. ಚಿತ್ರ ಚೆನ್ನಾಗಿತ್ತು, ಆದರೆ ತಪ್ಪು. ಭೂಮಿಯ ಕಾಂತಕ್ಷೇತ್ರದ ರೇಖೆಗಳನ್ನು ತಲೆಗೂದಲು ಅಂದುಕೊಳ್ಳಿ. ಸೂರ್ಯನ ಕಡೆಯಿಂದ ಸೌರ ಮಾರುತ ಸದಾ ಬೀಸುತ್ತಿರುತ್ತದೆ, ಸೆಕೆಂಡಿಗೆ ಸಾಮಾನ್ಯವಾಗಿ 400 ಕಿ.ಮೀ. ಆಸುಪಾಸಿನಲ್ಲಿ, ಒಂದು ಘನ ಸೆಂಟಿಮೀಟರಿಗೆ ಐದಾರು ಕಣ. ಅಷ್ಟು ತೆಳುವಾದದ್ದು. ಆದರೂ ಅದರ ಒತ್ತಡಕ್ಕೆ ಕೂದಲು ಎರಡು ಭಾಗ ಆಗುತ್ತದೆ. ಮುಂದಿನದು ಸೂರ್ಯನ ಕಡೆ ಬಾಗಿ ಮತ್ತೆ ಭೂಮಿಗೆ ಬರುತ್ತದೆ. ಹಿಂದಿನದು ಉದ್ದ ಜಡೆಯ ಹಾಗೆ ಕತ್ತಲ ಕಡೆಗೆ ಹೋಗುತ್ತದೆ. ಇವೆರಡೂ ಬೇರೆಯಾಗುವ ಜಾಗದಲ್ಲಿ ಒಂದು ಬೈತಲೆ ಬೀಳುತ್ತದಲ್ಲ, ಅದೇ ಕಸ್ಪ್. ಉತ್ತರದಲ್ಲಿ ಒಂದು, ದಕ್ಷಿಣದಲ್ಲಿ ಒಂದು. ಮೇಲೆ ಅಗಲ, ಕೆಳಗೆ ಬರಬರುತ್ತಾ ಕಿರಿದು, ಸೀಮೆಎಣ್ಣೆ ಅಂಗಡಿಯ ಆಲಿಕೆ ಹಾಗೆ. ಸೌರ ಮಾರುತದ ಕಣಗಳು ನೇರವಾಗಿ ನಮ್ಮ ವಾತಾವರಣದ ತನಕ ಇಳಿದುಬರಲು ಇರುವ ದಾರಿ ಅದು.

ಇದನ್ನು ಕಣ್ಣಲ್ಲಿ ನೋಡುವ ಮೊದಲೇ ಕಾಗದದ ಮೇಲೆ ಕಂಡಿದ್ದರು ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. 1931ರಲ್ಲಿ ಚಾಪ್‌ಮನ್ ಮತ್ತು ಫೆರಾರೋ ಅನ್ನುವ ಇಬ್ಬರು ಲೆಕ್ಕ ಹಾಕಿ, ಹೀಗೆ ಕಾಂತಕ್ಷೇತ್ರವೇ ಇಲ್ಲದ ಎರಡು ಬರಿದಾದ ಬಿಂದುಗಳು ಇರಬೇಕು ಅಂದಿದ್ದರು. ಆಗ ಉಪಗ್ರಹವೇ ಇರಲಿಲ್ಲ. ನಲವತ್ತು ವರ್ಷ ಆದಮೇಲೆ, 1971ರಲ್ಲಿ, ಕೆನಡಾದ ಐಸಿಸ್-1 ಉಪಗ್ರಹ ಕಳಿಸಿದ ಮಾಹಿತಿಯಲ್ಲಿ ಆ ಕಣಗಳು ಸಿಕ್ಕವು.

ಒಂದು ತಪ್ಪು ತಿಳಿವಳಿಕೆ ಇದೆ, ನನಗೂ ಇತ್ತು. ಕಸ್ಪ್ ಅಂದರೆ ಧ್ರುವದ ನೆತ್ತಿಯ ಮೇಲಿನ ತೂತು ಅಂತ. ಅಲ್ಲ. ಅದು ಕಾಂತ ಧ್ರುವದಿಂದ ಹನ್ನೆರಡು ಹದಿಮೂರು ಡಿಗ್ರಿ ಈಚೆಗೆ, ಕಾಂತೀಯ ಅಕ್ಷಾಂಶ 77-78ರ ಹತ್ತಿರ, ಯಾವಾಗಲೂ ನಡುಮಧ್ಯಾಹ್ನದ ಕಡೆಗೇ ಇರುತ್ತದೆ. ಕೆಳಗೆ ಭೂಮಿ ತಿರುಗುತ್ತಿರುತ್ತದೆ. ಹಾಗಾಗಿ ಆ ಅಕ್ಷಾಂಶದಲ್ಲಿರುವ ಊರುಗಳು ದಿನಕ್ಕೊಂದು ಸಲ ಅದರ ಕೆಳಗೆ ಹಾದುಹೋಗುತ್ತವೆ. ಅಂಥದ್ದರಲ್ಲಿ ಒಂದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದ ನಿ-ಒಲೆಸುಂಡ್. 2008ರಿಂದ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇರುವುದೂ ಅಲ್ಲೇ. ನಾವಿಲ್ಲಿ ಊಟ ಮುಗಿಸಿ ಕಣ್ಣು ಎಳೆಯುವ ಹೊತ್ತಿಗೆ, ಮಧ್ಯಾಹ್ನ ಎರಡೂವರೆ ಸುಮಾರಿಗೆ, ಹಿಮಾದ್ರಿಯ ನೆತ್ತಿಯ ಮೇಲೆ ಕಸ್ಪ್ ಹಾಯುತ್ತಿರುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಹಗಲೇ ಇಲ್ಲ. ಮಧ್ಯಾಹ್ನವೂ ಕತ್ತಲೆ. ಅದಕ್ಕೇ ಈ ಕಣಗಳು ಬೀಳುವಾಗ ಹುಟ್ಟುವ ಕೆಂಪು ಬೆಳಕನ್ನು ನೆಲದಿಂದಲೇ ಹಿಡಿಯಬಹುದಾದ ಬೆರಳೆಣಿಕೆಯ ಜಾಗಗಳಲ್ಲಿ ಅದೂ ಒಂದು. 2023ರ ಡಿಸೆಂಬರಿನಲ್ಲಿ ಹಿಮಾದ್ರಿಗೆ ಮೊದಲ ಚಳಿಗಾಲದ ತಂಡ ಹೋಯಿತು, ಅದರಲ್ಲಿ ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅವರು ಹೋಗಿದ್ದು ಬೇರೆ ಕೆಲಸಕ್ಕೆ, ಅಲ್ಲಿ ರೇಡಿಯೋ ಗದ್ದಲ ಎಷ್ಟಿದೆ ಅಂತ ಅಳೆಯಲಿಕ್ಕೆ. ಆದರೂ ಬೆಂಗಳೂರಿನ ಒಬ್ಬರು ಆ ಬೈತಲೆಯ ಕೆಳಗೆ ಸ್ವೆಟರ್ ಹಾಕಿಕೊಂಡು ನಿಂತಿದ್ದರಲ್ಲ ಅಂತ ನನಗೆ ಆಗಾಗ ನೆನಪಾಗುತ್ತದೆ.

ಈಗ ದಿಕ್ಕಿನ ವಿಷಯ. ನಮ್ಮ ಮನೆ ಬಾಲ್ಕನಿ ಪಶ್ಚಿಮಕ್ಕಿದೆ. ಮಳೆ ಎಷ್ಟು ಜೋರಾಗಿ ಬಂದರೂ ಗಾಳಿ ಪೂರ್ವದಿಂದ ಇದ್ದರೆ ಒಳಗೆ ಒಂದು ಹನಿ ಬೀಳುವುದಿಲ್ಲ. ಗಾಳಿ ಪಶ್ಚಿಮಕ್ಕೆ ತಿರುಗಿದರೆ ಸಣ್ಣ ಮಳೆಗೂ ಎರಚಲು ಹೊಡೆದು ಹಾಲ್‌ವರೆಗೂ ನೀರು, ಮೂಲೆಯಲ್ಲಿಟ್ಟ ಹಳೇ ಪೇಪರೆಲ್ಲ ಒದ್ದೆ. ಎಷ್ಟು ಮಿಲಿಮೀಟರ್ ಬಿತ್ತು ಅನ್ನುವುದು ಹವಾಮಾನ ಇಲಾಖೆಗೆ ಬೇಕು. ನಮ್ಮ ಮನೆಯಾಕೆಗೆ ಬೇಕಾದದ್ದು ಎರಚಲು ಯಾವ ಕಡೆ ಅನ್ನುವುದಷ್ಟೇ.

ಸೌರ ಮಾರುತವೂ ಹಾಗೇ. ಸೂರ್ಯನಿಗೆ ಎದುರಾಗಿರುವ ನಮ್ಮ ಕಾಂತರೇಖೆಗಳು ಉತ್ತರ ದಿಕ್ಕಿಗಿರುತ್ತವೆ. ಬರುವ ಗಾಳಿಯಲ್ಲಿರುವ ರೇಖೆಗಳು ದಕ್ಷಿಣಕ್ಕಿದ್ದರೆ (ಮುಂದೆ ನಾನು ದಕ್ಷಿಣದ ಗಾಳಿ ಅನ್ನುವುದು ಇದನ್ನೇ) ಎರಡೂ ಎದುರುಬದುರು ಆಗಿ, ತುಂಡಾಗಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. 1961ರಲ್ಲಿ ಇಂಗ್ಲೆಂಡಿನ ಜೇಮ್ಸ್ ಡಂಜಿ ಈ ವಿಚಾರ ಹೇಳಿದ. ಬೆಸೆದುಕೊಂಡ ಮೇಲೆ ಏನಾಗುತ್ತದೆ ಅಂದರೆ, ಮುಂದಿನ ಕೂದಲನ್ನು ಎಳೆ ಎಳೆಯಾಗಿ ತೆಗೆದು ಹಿಂದಕ್ಕೆ ಬಾಚಿದ ಹಾಗೆ, ಗಾಳಿ ಆ ರೇಖೆಗಳನ್ನು ಜಡೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ಮುಂದೆ ಕೂದಲು ಕಡಿಮೆಯಾಯಿತು, ಹಿಂದೆ ಜಾಸ್ತಿಯಾಯಿತು. ಆಗ ಬೈತಲೆ ಹಣೆಯ ಕಡೆ ಜಾರಬೇಕಲ್ವಾ? ಜಾರುತ್ತದೆ. ದಕ್ಷಿಣ ದಿಕ್ಕಿನ ಬಲ 10 ನ್ಯಾನೋ ಟೆಸ್ಲಾ ಇದ್ದರೆ ಕಸ್ಪ್ 78ರಿಂದ 72-73 ಡಿಗ್ರಿ ತನಕ ಇಳಿದುಬಿಡುತ್ತದೆ. ಐದು ಡಿಗ್ರಿ ಅಂದರೆ 550 ಕಿ.ಮೀ., ಬೆಂಗಳೂರಿಂದ ಹೈದರಾಬಾದ್ ಇರುವಷ್ಟು ದೂರ. ಅದೂ ಎಷ್ಟು ಹೊತ್ತಿನಲ್ಲಿ? ಗಾಳಿ ತಿರುಗಿದ ಕೆಲವೇ ನಿಮಿಷಕ್ಕೆ ಹೊರಡುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಎಷ್ಟೋ ದೂರ ಬಂದಿರುತ್ತದೆ. ತೀರಾ ದೊಡ್ಡ ಬಿರುಗಾಳಿಯಲ್ಲಿ 65ರ ಆಸುಪಾಸಿಗೂ ಬಂದದ್ದಿದೆ.

ಗಾಳಿಯ ದಿಕ್ಕು ಉತ್ತರಕ್ಕೆ ತಿರುಗಿದರೆ ಬಾಗಿಲು ಮುಚ್ಚಿತು ಅಂತ ನಾನು ಮೊದಲು ಅಂದುಕೊಂಡಿದ್ದೆ. ಪೂರ್ತಿ ಮುಚ್ಚುವುದಿಲ್ಲ. ಬೆಸೆಯುವ ಜಾಗ ಮುಂದಿನಿಂದ ಕಸ್ಪ್‌ನ ಹಿಂಬದಿಗೆ ಹೋಗುತ್ತದೆ. ಈಗ ಹಿಂದಿನ ಕೂದಲು ಮುಂದಕ್ಕೆ ಬಂತು, ಬೈತಲೆ ನೆತ್ತಿಯ ಕಡೆ ಏರಿತು, 80 ಡಿಗ್ರಿಯ ತನಕ. ಒಳಗೆ ಬರುವುದು ಬಹಳ ಕಡಿಮೆ. ಇನ್ನು ದಿಕ್ಕು ಪೂರ್ವ-ಪಶ್ಚಿಮಕ್ಕೆ ವಾಲಿದರೆ ಓರೆ ಬೈತಲೆ. ಉತ್ತರದ್ದು ಮಧ್ಯಾಹ್ನದಿಂದ ಸಂಜೆ ಕಡೆ ಸರಿದರೆ ದಕ್ಷಿಣದ್ದು ಬೆಳಗಿನ ಕಡೆ ಸರಿಯುತ್ತದೆ, ಇಬ್ಬರು ಜಗಳ ಆಡಿದವರ ಹಾಗೆ. ನೀವು ಬರೆದಿರಲ್ಲ ಆ ವೇಗ, ಅದಕ್ಕೂ ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ವೇಗ ಮತ್ತು ದಟ್ಟಣೆ ಸೇರಿ ಒತ್ತಡ ಹೆಚ್ಚಾದರೆ ಗುರಾಣಿಯೇ ಒಳಕ್ಕೆ ಕುಗ್ಗುತ್ತದೆ, ಬೈತಲೆ ಅಗಲ ಆಗುತ್ತದೆ. ಆದರೆ ಅದು ಎಲ್ಲಿ ಇರಬೇಕು, ಎಷ್ಟು ಒಳಗೆ ಬಿಡಬೇಕು ಅನ್ನುವುದರಲ್ಲಿ ದಿಕ್ಕಿನದೇ ಮೇಲುಗೈ.

ಇಲ್ಲಿ ಒಂದು ಚಂದದ ವಿಷಯ ಹೇಳದೆ ಮುಂದೆ ಹೋಗಲಾರೆ. ಸಿಗ್ನಲ್ ಹತ್ತಿರ ಬಿಎಂಟಿಸಿ ಬಸ್ಸು ನಿಧಾನ ಆದಾಗ ಹುಡುಗರು ಪಟಕ್ಕನೆ ಇಳಿದುಬಿಡುತ್ತಾರೆ. ನನ್ನಂಥವರು ಸೀಟಿನಿಂದ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಇನ್ನಷ್ಟು ಮುಂದೆ ಹೋಗಿರುತ್ತದೆ. ಯಾರು ಎಲ್ಲಿ ಇಳಿದರು ಅಂತ ನೋಡಿದರೆ ಯಾರು ಚುರುಕು, ಬಸ್ಸು ಯಾವ ಕಡೆ ಹೋಗುತ್ತಿತ್ತು ಎರಡೂ ಗೊತ್ತಾಗುತ್ತದೆ. ಕಸ್ಪ್‌ನಲ್ಲೂ ಇದೇ. ದಕ್ಷಿಣದ ಗಾಳಿ ಇದ್ದಾಗ ಬೆಸೆದ ರೇಖೆ ಧ್ರುವದ ಕಡೆ ಓಡುತ್ತಿರುತ್ತದೆ, ವೇಗದ ಪ್ರೋಟಾನ್‌ಗಳು ಮೊದಲೇ ಇಳಿಯುತ್ತವೆ, ನಿಧಾನದವು ಇನ್ನೂ ಉತ್ತರಕ್ಕೆ ಹೋಗಿ ಇಳಿಯುತ್ತವೆ. ಉತ್ತರದ ಗಾಳಿಯಲ್ಲಿ ಈ ಸಾಲು ತಿರುಗುಮುರುಗು, ಬಸ್ಸು ರಿವರ್ಸ್ ಹೋದ ಹಾಗೆ. ಉಪಗ್ರಹ ಒಂದೆರಡು ನಿಮಿಷದಲ್ಲಿ ಕಸ್ಪ್ ದಾಟುವಾಗ ಈ ಸಾಲನ್ನು ನೋಡಿ, ಅರವತ್ತು ಸಾವಿರ ಕಿ.ಮೀ. ಮೇಲೆ ಏನು ನಡೆಯಿತು ಅಂತ ಹೇಳುತ್ತಾರೆ. ಬ್ಯಾಂಕಿನಲ್ಲಿ ನಾವು ವೋಚರ್ ನೋಡಿ ಕಳ್ಳತನ ಹಿಡಿಯುತ್ತಿದ್ದೆವು, ಆದರೆ ಇದು ಅದಕ್ಕಿಂತ ಮೇಲು.

ಆದರೆ ಒಂದೇ ಉಪಗ್ರಹಕ್ಕೆ ಒಂದು ತೊಂದರೆ. ಬೆಂಗಳೂರಿನ ಮಳೆ ನಿಮಗೆ ಗೊತ್ತಲ್ಲ. ಜಯನಗರದಲ್ಲಿ ಕೊಡೆ ಹಿಡಿದು ಹೊರಟವನು ಮಲ್ಲೇಶ್ವರಕ್ಕೆ ಬಂದರೆ ರಸ್ತೆ ಒಣಗಿರುತ್ತದೆ. ಈಗ ಮಳೆ ನಿಂತಿತೋ, ಇಲ್ಲಾ ಇಲ್ಲಿ ಬರಲೇ ಇಲ್ಲವೋ? ಒಬ್ಬನಿಗೆ ಹೇಳಲಾಗದು. ಹಿಂದೆಯೇ ಎರಡು ನಿಮಿಷಕ್ಕೆ ಇನ್ನೊಬ್ಬ ಅದೇ ದಾರಿಯಲ್ಲಿ ಬಂದರೆ ಹೇಳಬಹುದು. 2000ದಲ್ಲಿ ಯುರೋಪಿನವರು ಕ್ಲಸ್ಟರ್ ಅಂತ ನಾಲ್ಕು ಉಪಗ್ರಹಗಳನ್ನು ಜೊತೆಯಾಗಿ ಸುತ್ತಲು ಬಿಟ್ಟಿದ್ದರ ಹಿಂದೆಯೂ ಈ ಯೋಚನೆಯೇ ಇತ್ತು. 2025ರ ಜುಲೈ 23ರಂದು ನಾಸಾ ಟ್ರೇಸರ್ಸ್ ಅನ್ನುವ ಜೋಡಿ ಉಪಗ್ರಹಗಳನ್ನು ಕಳಿಸಿತು, ಒಂದರ ಹಿಂದೆ ಒಂದು ಎರಡು ನಿಮಿಷದೊಳಗಿನ ಅಂತರದಲ್ಲಿ ಕಸ್ಪ್ ದಾಟಲಿಕ್ಕೆ ಅಂತಲೇ ಮಾಡಿದ್ದು. ಬೆಸುಗೆ ಒಂದೇ ಸಮ ನಡೆಯುತ್ತದೋ, ಬಿಟ್ಟು ಬಿಟ್ಟು ನಡೆಯುತ್ತದೋ ಅನ್ನುವ ಹಳೇ ಪ್ರಶ್ನೆಯನ್ನು ಅವು ಬಿಡಿಸಬೇಕು. ಈ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ನನ್ನ ಕಣ್ಣಿಗಂತೂ ಬೀಳಲಿಲ್ಲ. ಬಂದಿದ್ದರೆ ಕ್ಷಮಿಸಿ.

ಇದರಿಂದ ನಮಗೇನು ಅಂತ ನಿಮ್ಮ ಓದುಗರು ಕೇಳಬಹುದು. ಬೆಂಗಳೂರಿನಲ್ಲಿ ನೇರವಾಗಿ ಏನೂ ತಲೆ ಮೇಲೆ ಬೀಳುವುದಿಲ್ಲ, ಕಾಂತೀಯ ಭೂಮಧ್ಯರೇಖೆ ನಮಗೆ ಹತ್ತಿರ, ಇಲ್ಲಿ ರೇಖೆಗಳು ಹೆಚ್ಚುಕಮ್ಮಿ ಅಡ್ಡಡ್ಡ ಹೋಗುತ್ತವೆ, ಹೆಂಚಿನ ಮಾಡಿನ ಹಾಗೆ. ಆದರೆ ನಮ್ಮ ಭೂವೀಕ್ಷಣೆಯ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ, ಪೀಣ್ಯದಲ್ಲಿ ಕೂತು ಇಸ್ರೋದ ಇಸ್ಟ್ರಾಕ್ ಕೇಂದ್ರದವರು ಅವನ್ನು ನೋಡಿಕೊಳ್ಳುತ್ತಾರೆ. 2000ದಲ್ಲಿ ಹಾರಿದ ಜರ್ಮನಿಯ ಚಾಂಪ್ ಉಪಗ್ರಹ 400 ಕಿ.ಮೀ. ಎತ್ತರದಲ್ಲಿ ಒಂದು ವಿಚಿತ್ರ ಕಂಡಿತು. ಕಸ್ಪ್ ಕೆಳಗಿನ ಗಾಳಿ ಬಿಸಿಯಾಗಿ ಉಬ್ಬಿ ಮೇಲಕ್ಕೆ ಬರುತ್ತದೆ, ಕೆಲವು ಸಲ ಅಲ್ಲಿ ದಟ್ಟಣೆ ಹೆಚ್ಚುಕಮ್ಮಿ ದುಪ್ಪಟ್ಟು. ಆ ಎತ್ತರದ ಉಪಗ್ರಹಗಳಿಗೆ ಇದು ರಸ್ತೆ ಮೇಲಿನ ಹಂಪ್ ಇದ್ದ ಹಾಗೆ. ದಕ್ಷಿಣದ ಗಾಳಿ ಇದ್ದಾಗ ಹಗಲಿನ ಕಡೆಯ ದಟ್ಟ ಅಯಾನುಗಳು ತುಂಡು ತುಂಡಾಗಿ ಕಸ್ಪ್ ದಾಟಿ ಧ್ರುವದ ಮೇಲೆ ತೇಲಿ ಹೋಗುತ್ತವೆ. ನನ್ನ ಟೆಕ್ಸಸ್ ಗೆಳೆಯರ ದನಿ ಗುಳುಗುಳು ಆಗುವುದರಲ್ಲಿ ಅವುಗಳ ಪಾಲೂ ಇದೆ.

2024ರ ಮೇ 10 ನೆನಪಿದೆಯಾ? ರಾತ್ರಿ ಹತ್ತೂವರೆ ಸುಮಾರಿಗೆ ಬಿರುಗಾಳಿ ಭೂಮಿಗೆ ಬಡಿಯಿತು. 2003ರ ನಂತರ ಅಷ್ಟು ದೊಡ್ಡದು ಬಂದಿರಲಿಲ್ಲ. ಗಂಟೆಗಟ್ಟಲೆ ದಕ್ಷಿಣ, ಅದೂ ಒಂದು ಹಂತದಲ್ಲಿ ಸುಮಾರು 50 ನ್ಯಾನೋ ಟೆಸ್ಲಾ. ಸಾಮಾನ್ಯ ದಿನ ಇಡೀ ಕ್ಷೇತ್ರವೇ ಐದಾರು ಇರುತ್ತದೆ ಅಷ್ಟೆ. ಗುರಾಣಿಯ ಮೂಗು ಎಷ್ಟು ಒಳಕ್ಕೆ ಬಂತೆಂದರೆ, 36,000 ಕಿ.ಮೀ. ಎತ್ತರದ ಉಪಗ್ರಹಗಳಲ್ಲಿ ಹಗಲಿನ ಕಡೆ ಇದ್ದವು ಸ್ವಲ್ಪ ಹೊತ್ತು ಗುರಾಣಿಯಿಂದ ಆಚೆ ನಿಂತವು. ನಮ್ಮ ದೇಶದ ಆ ಜಾತಿಯ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಹಾಸನದಲ್ಲೇ ಇದೆ, ನಮ್ಮಕ್ಕನಿಗೆ ಇದನ್ನು ಹೇಳಿದಾಗ ಅವಳಿಗೆ ಹೆಮ್ಮೆಯೋ ಹೆಮ್ಮೆ. ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೋ ಎಲ್ಲರೂ ಹಾಕಿದಿರಿ. ಅದು ಕಸ್ಪ್‌ನ ಬೆಳಕಲ್ಲ, ರಾತ್ರಿ ಕಡೆಯ ಬೇರೆ ಕಥೆ. ಆದರೆ ಅದಕ್ಕೆ ಬೇಕಾದ ಶಕ್ತಿ ಒಳಗೆ ಬರಲು ದಾರಿ ಮಾಡಿಕೊಟ್ಟದ್ದು ಹಗಲಿನ ಕಡೆಯ ಆ ಬೆಸುಗೆಯೇ. ನನ್ನ ರೇಡಿಯೋದ 20 ಮೀಟರ್ ಬ್ಯಾಂಡ್ ಮಾರನೇ ದಿನ ಸ್ಮಶಾನ.

ಈಗ ನನ್ನ ಕೋರಿಕೆ. ನೀವು ದಿನಾ ಕೆಆರ್‌ಎಸ್, ಕಬಿನಿ, ತುಂಗಭದ್ರಾ ಜಲಾಶಯದ ಮಟ್ಟ ಹಾಕುತ್ತೀರಿ. ಬರೀ ಮಟ್ಟ ಅಲ್ಲ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತಲೂ ಹಾಕುತ್ತೀರಿ. ಮಂಡ್ಯದ ರೈತ ಮೊದಲು ನೋಡುವುದು ಅದನ್ನೇ. ಸೌರ ಬಿರುಗಾಳಿಯ ಸುದ್ದಿ ಹಾಕುವ ದಿನ ಹಾಗೇ ಒಂದು ಸಾಲು ಸೇರಿಸಿ: ದಿಕ್ಕು ಉತ್ತರ, ಇಲ್ಲಾ ದಕ್ಷಿಣ. ನಮ್ಮಂಥ ಹ್ಯಾಮ್‌ಗಳು ಅದನ್ನು 'ಬಿ ಝೆಡ್' ಅನ್ನುತ್ತೇವೆ, ಮೈನಸ್ ಇದ್ದರೆ ದಕ್ಷಿಣ.

ಇಲ್ಲೊಂದು ತೊಡಕು ಇದೆ, ಅದನ್ನೂ ಹೇಳಿಬಿಡುತ್ತೇನೆ. ಮೋಡ ಸೂರ್ಯನನ್ನು ಬಿಟ್ಟಾಗ ಅದರೊಳಗಿನ ದಿಕ್ಕು ಇಲ್ಲಿಂದ ಕಾಣುವುದಿಲ್ಲ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್-1 ಅನ್ನುವ ಜಾಗದಲ್ಲಿ ಕೂತ ನೌಕೆಗೆ ಅದು ತಾಗಿದಾಗಲೇ ಗೊತ್ತಾಗುವುದು. ಅಲ್ಲಿಂದ ಭೂಮಿಗೆ ಮಾಮೂಲಿ ಗಾಳಿಯಾದರೆ ಒಂದು ಗಂಟೆ, ಜೋರಿದ್ದರೆ ಅರ್ಧ ಗಂಟೆ. ನಿಮ್ಮ ಪ್ರಿಂಟಿಂಗ್ ಮಧ್ಯರಾತ್ರಿಗೇ ಮುಗಿದಿರುತ್ತದೆ, ಕಾಗದದಲ್ಲಿ ಮುಂಚಿತವಾಗಿ ಹಾಕಲು ಆಗುವುದಿಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಅದನ್ನೇ ಬರೆಯಿರಿ, 'ದಿಕ್ಕು ಗೊತ್ತಾಗುವುದು ಒಂದು ಗಂಟೆ ಮುಂಚೆ ಮಾತ್ರ' ಅಂತ. ನಿಮ್ಮ ಆ್ಯಪ್‌ನಲ್ಲಿ ಆಗಲೇ ಹಾಕಬಹುದು, ಸಿನಿಮಾ ನಟರ ಮದುವೆ ಸುದ್ದಿ ಐದು ನಿಮಿಷದಲ್ಲಿ ಬರುತ್ತದಲ್ಲ. ಕಾಗದದಲ್ಲಿ ಮಾರನೇ ದಿನ ಹಾಕಿ, ನಿನ್ನೆ ಎಷ್ಟು ಮಳೆ ಬಿತ್ತು ಅಂತ ಇವತ್ತು ಹಾಕುವ ಹಾಗೆ.

ದೂರ ಹೋಗಿ ಯಾರನ್ನೂ ಕೇಳಬೇಕಾಗಿಲ್ಲ. 2024ರ ಜನವರಿಯಿಂದ ನಮ್ಮ ಇಸ್ರೋದ ಸೂರ್ಯನನ್ನು ನೋಡುವ ನೌಕೆ ಆದಿತ್ಯ-ಎಲ್1 ಅಲ್ಲೇ ಇದೆ. ಅದರ ಮೈಯಿಂದ ಆರು ಮೀಟರ್ ಉದ್ದದ ಕೋಲು ಚಾಚಿಕೊಂಡಿದೆ, ನೌಕೆಯದೇ ಕಾಂತ ಅಡ್ಡ ಬರಬಾರದು ಅಂತ ಅಷ್ಟು ಉದ್ದ. ಆ ಕೋಲಿನ ಮೇಲೆ ಕೂತು ಈ ದಿಕ್ಕನ್ನೇ ಅಳೆಯುವ ಮ್ಯಾಗ್ನೆಟೋಮೀಟರ್ ತಯಾರಾದದ್ದು ಪೀಣ್ಯದ ಇಸ್ರೋ ಪ್ರಯೋಗಾಲಯ ಲಿಯೋಸ್‌ನಲ್ಲಿ. ಆದಿತ್ಯನ ಮಾಹಿತಿ ಇಳಿಯುವುದು ಮೈಸೂರು ರಸ್ತೆ ಕಡೆಯ ಬ್ಯಾಲಾಳುವಿನ ಆಂಟೆನಾಗಳಿಗೆ. ಅಳೆಯುವ ಯಂತ್ರ ಬೆಂಗಳೂರಿನದು, ಲೆಕ್ಕ ಬಂದು ಇಳಿಯುವುದು ಬೆಂಗಳೂರಿನ ಪಕ್ಕದಲ್ಲಿ. ಬೆಂಗಳೂರಿನ ಪೇಪರಿನಲ್ಲಿ ಮಾತ್ರ ವೇಗ ಇದೆ, ದಿಕ್ಕಿಲ್ಲ.

ಮತ್ತೆ ಆ ಚಿತ್ರ. ಮುಂದಿನ ಸಲ ನೀಲಿ ಗುರಾಣಿ ಬರೆಸುವಾಗ ನಿಮ್ಮ ಕಲಾವಿದರಿಗೆ ಹೇಳಿ, ಸೂರ್ಯನ ಕಡೆ ಮೇಲೊಂದು ಕೆಳಗೊಂದು ಬೈತಲೆ ಬಿಡಲಿ.

ಇಂತಿ,
ನಿಮ್ಮ ಹಳೇ ಓದುಗ
ಬಸವನಗುಡಿ, ಬೆಂಗಳೂರು